ಅರ್ಧ ಟೆಂಟು

ಸಮುದ್ರದ ಅಂಚಿನಲ್ಲಿ ಬ್ಯಾಗು ಹೊತ್ತು ನಡೆಯಲು ಹೊರಟವರಿಗೆ ನನ್ನದೊಂದು ಬುದ್ಧಿಮಾತು. ಟೆಂಟಿನ ಬಟ್ಟೆ ಒಬ್ಬರ ಬ್ಯಾಗಿನಲ್ಲಿ, ಕಡ್ಡಿಗಳು ಇನ್ನೊಬ್ಬರ ಬ್ಯಾಗಿನಲ್ಲಿ ಅಂತ ಹಂಚಿಕೊಳ್ಳಬೇಡಿ. ಜಗಳವಾದರೆ ಇಬ್ಬರಿಗೂ ಸೂರಿಲ್ಲ.

ಹಾಗೆ ಹಂಚಿದವನು ಅವನು, ನನ್ನ ಕ್ಲಿನಿಕ್ಕಿನ ಕೆಳಗಡೆ ಕನ್ನಡಕದ ಅಂಗಡಿ ಇಟ್ಟವನು. ನಾನು ಹಲ್ಲಿನ ಡಾಕ್ಟರು. ನಮ್ಮ ಮದುವೆ ನಿಶ್ಚಯವಾಗಿತ್ತು, ನಿಶ್ಚಯ ಮಾಡಿದವಳು ಅಮ್ಮ. ಹೊಸ ಕನ್ನಡಕ ಮಾಡಿಸಲು ಹೋದವಳು ಅದನ್ನು ಮೂಗಿಗೇರಿಸಿ, ಅವನನ್ನೇ ಅಡಿಯಿಂದ ಮುಡಿಯವರೆಗೆ ನೋಡಿ, ಮೆಟ್ಟಿಲು ಹತ್ತಿ ಬಂದು, "ನಂಬರ್ ಸರಿಯಾಗಿದೆ ಕಣೇ. ಹುಡುಗ ಚೆನ್ನಾಗಿ ಕಾಣ್ತಾನೆ," ಅಂದಿದ್ದಳು. ನನ್ನೆದುರು ಬಾಯಿ ತೆರೆದು ಮಲಗಿದ್ದ ಪೇಷಂಟು ನಕ್ಕ ನಗುವಿಗೆ ಬಾಯೊಳಗಿನ ಹತ್ತಿ ಹೊರಗೆ ಬಿದ್ದಿತ್ತು.

ಆ ಅಮ್ಮ ಈಗಿಲ್ಲ. ಒಂದು ಬೆಳಗ್ಗೆ ಚಹಾದ ಲೋಟ ಕೈಯಲ್ಲಿ ಹಿಡಿದಿದ್ದ ಹಾಗೇ ಹೋಗಿಬಿಟ್ಟಳು.

ನಾನು ಅಳಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿದೆ, ಅಕ್ಕನನ್ನು ಹಿಡಿದುಕೊಂಡೆ, ಮುಂದಿನ ವಾರ ಕ್ಲಿನಿಕ್ಕಿಗೆ ಹೋಗಿ ಯಾರದೋ ದವಡೆ ಹಲ್ಲು ಕಿತ್ತೆ. "ಗಟ್ಟಿಗಿತ್ತಿ" ಅಂದರು ಎಲ್ಲರೂ. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ಪೇಷಂಟುಗಳು ತಮ್ಮದೇ ತುಟಿಯನ್ನು ಬೇರೆಯವರದೇನೋ ಅನ್ನುವ ಹಾಗೆ ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ನನಗೆ ಇಡೀ ಮೈ ಹಾಗಾಗಿತ್ತು. ಊಟಕ್ಕೆ ಉಪ್ಪಿಲ್ಲದಿದ್ದರೂ ಗೊತ್ತಾಗುತ್ತಿರಲಿಲ್ಲ. ಅವನು ಕೈ ಹಿಡಿದರೆ, ಯಾರೋ ಯಾರದೋ ಕೈ ಹಿಡಿದಿದ್ದಾರೆ ಅನ್ನಿಸುತ್ತಿತ್ತು.

ಮದುವೆ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು.

"ಅವರ ಮನೇವ್ರು ಎಷ್ಟು ದಿನಾಂತ ಕಾಯ್ತಾರೆ?" ಅಕ್ಕ ಕೊನೆಗೆ ಕೇಳಿಯೇಬಿಟ್ಟಳು. "ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಹೀಗೆ ಅಡ್ಡಗೋಡೆ ಮೇಲೆ ದೀಪ ಇಡಬೇಡ. ಅವನ ಜೊತೆ ನಾಕು ದಿನ ಸಮುದ್ರ ದಂಡೇಲಿ ನಡ್ಕೊಂಡು ಬಾ. ಬರೋವಾಗ ಒಂದು ಉತ್ತರ ತಗೊಂಡು ಬಾ."

ಆಮೇಲೆ ದನಿ ತಗ್ಗಿಸಿ, "ಒಂದೇ ಟೆಂಟಂತೆ? ನಡುವೆ ಬ್ಯಾಗ್ ಇಟ್ಕೊಳ್ಳಿ ಕಣೇ," ಅಂದಳು.

ಇಟ್ಟುಕೊಂಡೆವು. ಮೊದಲ ರಾತ್ರಿ ಎರಡು ದಪ್ಪ ಬ್ಯಾಗುಗಳು ನಮ್ಮ ನಡುವೆ ಅತ್ತೆ ಮಾವನ ಹಾಗೆ ಮಲಗಿದ್ದವು. ಅವನು ಆ ಕಡೆಯಿಂದ, "ಡಾಕ್ಟ್ರೇ, ನಿನ್ನ ಬ್ಯಾಗು ಗೊರಕೆ ಹೊಡೀತಿದೆ," ಅಂದ. ನಗಬೇಕು ಅಂತ ಗೊತ್ತಿತ್ತು. ನಕ್ಕೆ.

ಹಗಲಲ್ಲಿ ಅವನು ನನ್ನನ್ನೇ ಮುಂದೆ ಬಿಡುತ್ತಿದ್ದ.

"ಮುಂದೆ ನಡಿ ಡಾಕ್ಟ್ರೇ."

"ಯಾಕೆ?"

"ಹಿಂದೆ ಬಂದ್ರೆ ಸಮುದ್ರಾನೂ ಕಾಣತ್ತೆ, ನೀನೂ ಕಾಣ್ತೀಯಾ."

"ಕನ್ನಡಕ ತೆಗೆದು ನೋಡು. ಎರಡೂ ಒಂದೇ ಥರ ಕಾಣತ್ತೆ."

"ಅದೂ ನೋಡಾಯ್ತು. ಮಸುಕಲ್ಲಿ ನೀನೇ ವಾಸಿ."

ಬಂಡೆಯ ಮೇಲೆ ಕೂತು ಬ್ರೆಡ್ಡು ತಿನ್ನುವಾಗ ಅವನು ನನ್ನನ್ನು ನೋಡಿದ. ಅವನ ನೋಟವೇ ಒಂಥರಾ. ಒಂದು ಕಣ್ಣಿಂದ ಇನ್ನೊಂದು ಕಣ್ಣಿಗೆ ನಿಧಾನವಾಗಿ ಹೋಗಿ, ಮೂಗಿನ ಮೇಲೆ ಒಂದು ಕ್ಷಣ ತಂಗಿ, ಮತ್ತೆ ವಾಪಸ್ ಬರುತ್ತದೆ. ಫ್ರೇಮಿಗೆ ಅಳತೆ ತೆಗೆದು ತೆಗೆದು ಬಂದ ಅಭ್ಯಾಸ. ಮೊದಲೆಲ್ಲ ಆ ನೋಟ ಮೂಗಿನ ಮೇಲೆ ತಂಗಿದರೆ ಸಾಕು, ನನ್ನ ಕಿವಿ ಬಿಸಿಯಾಗುತ್ತಿತ್ತು. ಅದಕ್ಕೋಸ್ಕರವೇ, ಕಣ್ಣಿಗೇನೂ ಆಗದಿದ್ದರೂ, ಅವನ ಹತ್ತಿರ ಕಣ್ಣು ಪರೀಕ್ಷೆ ಮಾಡಿಸಿಕೊಂಡಿದ್ದೂ ಉಂಟು.

ಈಗ ಕಿವಿ ತಣ್ಣಗಿತ್ತು. ಅವನಿಗೂ ತಿಳಿಯಿತೇನೋ. ನನ್ನ ಬಿಸಿಲಿನ ಕನ್ನಡಕ ಕಿತ್ತುಕೊಂಡು ಅಂಗಿಯ ತುದಿಯಿಂದ ಒರೆಸತೊಡಗಿದ.

"ನೆನಪಿದ್ಯಾ? ನನ್ನ ಹಲ್ಲು ಕಿತ್ತ ದಿನ ಸಂಜೆ ಫೋನ್ ಮಾಡಿ, ಪ್ರಾಣ ಹೋಗ್ತಿದೆ ಅಂದೆ. ನೀನು, ಒಳ್ಳೇದು, ಮರಗಟ್ಟಿದ್ದು ಬಿಡೋವಾಗ ನೋಯತ್ತೆ ಅಂತ ಹೇಳಿ ಫೋನ್ ಇಟ್ಬಿಟ್ಟೆ. ಕಟುಕಿ."

"ಆಮೇಲೆ ಮಾತ್ರೆ ಕಳಿಸಿದ್ನಲ್ಲ."

"ಕಳಿಸಲಿಲ್ಲ. ನೀನೇ ತಂದುಕೊಟ್ಟೆ."

ಹೌದು, ನಾನೇ ಹೋಗಿದ್ದೆ, ಮೆಟ್ಟಿಲನ್ನು ಎರಡೆರಡು ಹಾರಿಕೊಂಡು. ಅದನ್ನೆಲ್ಲ ಮಾಡಿದವಳು ಯಾರೋ ಅನ್ನಿಸಿತು.

ಎರಡನೇ ದಿನ ಮಧ್ಯಾಹ್ನ ಅವನು ಹಿಂದಿನಿಂದ ಕೂಗಿದ. "ನಿಲ್ಲು! ನಿನ್ನ ಕಾಲು!"

ನೋಡಿದೆ. ಎಡಗಾಲಿನ ಸಾಕ್ಸು ಹಿಮ್ಮಡಿಯ ಹತ್ತಿರ ಕೆಂಪಾಗಿ ನೆನೆದಿತ್ತು. ಶೂ ಬಿಚ್ಚಿದರೆ ಒಂದು ಮುಷ್ಟಿ ಮರಳು ಸುರಿಯಿತು. ಚರ್ಮ ಸುಲಿದು ಹೋಗಿತ್ತು.

"ಯಾವಾಗಿಂದ?"

"ಗೊತ್ತಿಲ್ಲ."

"ನೋವಾಗ್ಲಿಲ್ವಾ?"

"ಗೊತ್ತಾಗ್ಲಿಲ್ಲ."

"ಗೊತ್ತಾಗ್ಲಿಲ್ಲ ಅಂದ್ರೆ ಏನೇ? ಕಾಲು ನಿನ್ನದಲ್ವಾ?" ಅವನು ಬೈದಿದ್ದು ಅದೇ ಮೊದಲು. ಬೈಯುತ್ತಲೇ ನನ್ನ ಪಾದವನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಬಾಟಲಿಯ ನೀರಿನಿಂದ ತೊಳೆದು, ಮೆತ್ತಗೆ ಪಟ್ಟಿ ಕಟ್ಟಿದ. ಕನ್ನಡಕದ ಸಣ್ಣ ಸ್ಕ್ರೂ ತಿರುಗಿಸುವ ಬೆರಳುಗಳು ಅವು. ನಾನು ಅವುಗಳನ್ನು ಸುಮ್ಮನೆ ನೋಡುತ್ತ ಕೂತಿದ್ದೆ. ಇಂಥ ಬೆರಳಿಗೆ ನನ್ನಂಥ ಮರದ ಕಾಲು ಯಾಕೆ ಅನ್ನಿಸಿತು. ಆಗಲೇ ಹೇಳಿಬಿಟ್ಟೆ.

"ಬೇಡ ಕಣೋ. ಮದುವೆ ಬೇಡ."

ಅವನು ಪಟ್ಟಿಯ ಗಂಟು ಬಿಗಿದು ಮುಗಿಸಿದ. "ನಾನು ಬೇಡ ಅಂತಾನಾ? ಇಲ್ಲಾ ಏನೂ ಗೊತ್ತಾಗ್ತಿಲ್ಲ ಅಂತಾನಾ?"

ಗೊತ್ತಾಗ್ತಿಲ್ಲ ಅಂದರೆ ಇವನು ಮುದುಕನಾಗುವ ತನಕ ಕಾಯುತ್ತಾನೆ. "ನೀನು ಬೇಡ ಅಂತ," ಅಂದೆ.

ಅವನು ನನ್ನ ಪಾದವನ್ನು ತೊಡೆಯಿಂದ ಮೆಲ್ಲಗೆ ಕೆಳಗಿಳಿಸಿದ. ಆಮೇಲೆ ಗುಡ್ಡದ ಮೇಲಿನ ರಸ್ತೆ ತೋರಿಸಿ, "ಸಂಜೆ ಬಸ್ಸಿದೆ. ನೀನು ಅದರಲ್ಲಿ ಹೋಗು," ಅಂದ. "ನಾನು ನಡೆದೇ ಮುಗಿಸ್ತೀನಿ. ನಿನ್ನ ಪಕ್ಕ ಬಸ್ಸಲ್ಲಿ ಕೂರೋಕೆ ಇವತ್ತು ನನ್ನಿಂದಾಗಲ್ಲ." ತನ್ನ ಬಾಟಲಿಯ ನೀರನ್ನು ನನ್ನದಕ್ಕೆ ಬಗ್ಗಿಸಿ, ಮಿಕ್ಕ ಪಟ್ಟಿಯನ್ನೆಲ್ಲ ನನ್ನ ಕೈಗೆ ತುರುಕಿ ಹೊರಟ. ಮುಂದೆ ಒಂದು ಹೊಳೆ ಸಮುದ್ರ ಸೇರುವ ಜಾಗ. ನೀರಿನ ಇಳಿತವಿತ್ತು. ಪ್ಯಾಂಟು ಮಡಚಿ ದಾಟಿ, ಆಚೆ ದಡದ ಮರಳಿನಲ್ಲಿ ಚಿಕ್ಕವನಾಗುತ್ತ ಹೋದ. ಒಮ್ಮೆಯೂ ತಿರುಗಲಿಲ್ಲ.

ಬಸ್ ಸ್ಟಾಪಿನಲ್ಲಿ ಬ್ಯಾಗು ಇಳಿಸಿದಾಗ ಒಳಗಿನಿಂದ ಠಣ್ ಅಂತ ಸದ್ದಾಯಿತು. ಟೆಂಟಿನ ಕಡ್ಡಿಗಳು!

ಸಮುದ್ರದ ಮೇಲೆ ಮೋಡ ಕಪ್ಪಾಗಿ ನಿಂತಿತ್ತು. ಆ ಪುಣ್ಯಾತ್ಮ ಬರೀ ಬಟ್ಟೆ ಹೊತ್ತುಕೊಂಡು ಹೋಗಿದ್ದ. ಬಸ್ಸು ಬಂತು, ಬಾಗಿಲು ತೆರೆಯಿತು.

"ಏನ್ರೀ, ಹತ್ತೀರೋ ಇಲ್ವೋ?" ಅಂದ ಕಂಡಕ್ಟರು.

"ಇಲ್ಲ. ಕಡ್ಡಿ ಕೊಡಬೇಕು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಶಿಳ್ಳೆ ಹೊಡೆದ. ಬಸ್ಸು ಹೋಯಿತು. ಪ್ರೀತಿ ಉಕ್ಕಿ ಬಂತು ಅಂದುಕೊಳ್ಳಬೇಡಿ, ಏನೂ ಉಕ್ಕಲಿಲ್ಲ. ಅವನು ಒದ್ದೆಯಾಗುತ್ತಾನೆ ಅನ್ನುವುದಷ್ಟೇ ಗೊತ್ತಿತ್ತು. ಗುಡ್ಡ ಇಳಿದೆ.

ಹೊಳೆಯ ಬಾಯಿಗೆ ಬರುವಷ್ಟರಲ್ಲಿ ಉಬ್ಬರ ಶುರುವಾಗಿತ್ತು. ಮೊಣಕಾಲಿನವರೆಗೆ ನೀರು. ಶೂ ಬಿಚ್ಚಿ ಕೊರಳಿಗೆ ನೇತುಹಾಕಿಕೊಂಡು ಇಳಿದೆ. ನಡು ಹೊಳೆಯಲ್ಲಿ ಪಟ್ಟಿ ಕಳಚಿ ತೇಲಿಹೋಯಿತು. ಸುಲಿದ ಹಿಮ್ಮಡಿಗೆ ಉಪ್ಪುನೀರು ತಾಗಿತು.

"ಅಮ್ಮಾ!"

ಉರಿ ಹಿಮ್ಮಡಿಯಿಂದ ನೆತ್ತಿಗೇರಿತು. ಅಂಥ ಉರಿ. ಆದರೆ ನಾನು ನಿಂತುಬಿಟ್ಟಿದ್ದು ಅದಕ್ಕಲ್ಲ, ನನ್ನ ಬಾಯಿಂದ ಬಂದ ಕೂಗಿಗೆ. ಅವಳು ಹೋದಂದಿನಿಂದ ಒಂದು ಸಲವೂ ಅವಳನ್ನು ಕರೆದಿರಲಿಲ್ಲ. ಕರೆದರೆ ಯಾರೂ ಓಗೊಡುವುದಿಲ್ಲ ಅಂತ ನನ್ನ ನಾಲಿಗೆಗೆ ಗೊತ್ತಿತ್ತೇನೋ. ಈಗ ಕರೆದಿದ್ದೆ, ಯಾರೂ ಓಗೊಡಲಿಲ್ಲ.

"ಅಮ್ಮಾ," ಅಂದೆ ಇನ್ನೊಮ್ಮೆ, ಬೇಕಂತಲೇ. ಆಮೇಲೆ ಅಳು ಬಂತು. ಎಂಟು ತಿಂಗಳ ಅಳು. ನೀರಿನ ನಡುವೆ ಬ್ಯಾಗು ಹೊತ್ತು ನಿಂತು, ಬಾಯಿಬಿಟ್ಟು, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ ಅತ್ತೆ.

ಆಚೆ ದಡದಲ್ಲಿ ಅವನು, ಕಡ್ಡಿ ಇಲ್ಲ ಅಂತ ಗೊತ್ತಾಗಿ ಹೊಳೆಯವರೆಗೆ ವಾಪಸ್ ಬಂದಿದ್ದನೇನೋ, ಎರಡು ಒಣಕೊಂಬೆ ನೆಟ್ಟು ಬಟ್ಟೆ ನಿಲ್ಲಿಸಲು ಹೆಣಗುತ್ತಿದ್ದ. ಕೂಗು ಕೇಳಿ ಎಲ್ಲ ಬಿಟ್ಟು ಓಡಿ ಬಂದ. ಅವನ ಬೆನ್ನ ಹಿಂದೆ ಟೆಂಟು ಕುಸಿದು ಬಿತ್ತು.

"ಏನಾಯ್ತು? ಏನು ಕಚ್ತು?" ಕನ್ನಡಕದ ಮೇಲೆಲ್ಲ ನೀರು ಹಾರಿತ್ತು, ಕುರುಡನ ಹಾಗೆ ನನ್ನ ತೋಳು ತಡಕಾಡಿ ಹಿಡಿದ.

"ಉರೀತಿದೆ ಕಣೋ!"

"ಎಲ್ಲಿ?"

"ಕಾಲು. ಎಲ್ಲಾ. ಎಲ್ಲಾ ಉರೀತಿದೆ. ಅಮ್ಮ..."

ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. ಒಂದು ಕಣ್ಣು, ಇನ್ನೊಂದು ಕಣ್ಣು, ಮೂಗು ಸೋರುತ್ತಿತ್ತು, ಅಲ್ಲೂ ಒಂದು ಕ್ಷಣ ತಂಗಿದ.

"ಒಳ್ಳೇದು ಡಾಕ್ಟ್ರೇ," ಅಂದ. "ಮರಗಟ್ಟಿದ್ದು ಬಿಡೋವಾಗ ನೋಯತ್ತೆ."

ನಾನು ಅವನ ಎದೆಗೆ ಗುದ್ದಿದೆ. ಗುದ್ದಿದ ಕೈ ನನ್ನದೇ ಆಗಿತ್ತು. ಅವನ ಅಂಗಿ ಬೆಚ್ಚಗಿತ್ತು, ಬೆವರಿನ ವಾಸನೆ ಬರುತ್ತಿತ್ತು.

"ನೀನು ಬೇಡ ಅಂದಿದ್ದು ಸುಳ್ಳು," ಅಂದೆ ಆ ಅಂಗಿಯೊಳಕ್ಕೆ.

"ಗೊತ್ತು."

"ಗೊತ್ತಿದ್ದೂ ಹೋದ್ಯಾ?"

"ಬೇಡ ಅಂದಿದ್ದು ನೀನು. ಡಾಕ್ಟರ ಮಾತು ಮೀರಬಾರದಲ್ವಾ? ನಡಿ, ನೀರು ಏರ್ತಿದೆ."

ದಡದಲ್ಲಿ ನಾನು ಮರಳಿನ ಮೇಲೆ ಕೂತೆ. ಅವನು ನನ್ನ ಬ್ಯಾಗಿನಿಂದ ಕಡ್ಡಿಗಳನ್ನು ಎಳೆದು ಒಂದಕ್ಕೊಂದು ಜೋಡಿಸತೊಡಗಿದ. ಮೊದಲ ಹನಿಗಳು ಬಿದ್ದವು. ನಾನು ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಅಮ್ಮ ಇಲ್ವಲ್ಲೇ."

ಆ ಕಡೆ ಅಕ್ಕ ಅತ್ತಳು. ನಾನು ಅಳಲಿ ಅಂತ ಇಷ್ಟು ದಿನ ಕಾದು ಕೂತಿದ್ದಳೋ ಏನೋ, ಇಬ್ಬರೂ ಸೇರಿ ಸಾಕಾಗುವಷ್ಟು ಅತ್ತೆವು. ಕೊನೆಗೆ ಅವಳು ಮೂಗು ಒರೆಸಿಕೊಂಡು ಕೇಳಿದಳು. "ಅವನೆಲ್ಲಿ?"

"ಟೆಂಟ್ ಹಾಕ್ತಿದ್ದಾನೆ."

"ನಡುವೆ ಬ್ಯಾಗ್ ಇಟ್ಕೊಳ್ಳಿ ಕಣೇ."

ಅವನು ಮಳೆಯಲ್ಲಿ ಕೊನೆಯ ಕಡ್ಡಿ ಬಗ್ಗಿಸುತ್ತ ನನ್ನ ಕಡೆ ನೋಡಿದ. ನನ್ನ ಕಿವಿ ಬಿಸಿಯಾಯಿತು.

"ಇಡಲ್ಲ," ಅಂದೆ.