ಆಡಿಯಲ್ಲಿ ಬಂದವಳು

ಆಡಿ ತಿಂಗಳು, ಅಂದರೆ ಆಷಾಢ. ಮಧ್ಯಾಹ್ನ ಮೂರು ಗಂಟೆಯ ಹೊತ್ತು. ಪಶ್ಚಿಮದಿಂದ ನುಗ್ಗುವ ಗಾಳಿ ತಮಿಳು ಸೀಮೆಯ ಮಡತ್ತುಕುಳಂನ ತೆಂಗಿನ ಮರಗಳನ್ನೆಲ್ಲ ಒಂದೇ ಕಡೆಗೆ ಬಗ್ಗಿಸಿ ಹಿಡಿದಿತ್ತು. ಬಸ್ಸಿಳಿದು ಬಂದ ಇಲಕ್ಕಿಯಾ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹಾರುವ ಸೆರಗು ಹಿಡಿದು ಗೇಟು ತೆರೆದಳು.

ಅಷ್ಟೇ!

ಜಗಲಿಯ ಮೇಲೆ ಕೂತಿದ್ದ ಮುದುಕಿಯೊಬ್ಬರು ಬರಿಗಾಲಲ್ಲಿ ಓಡಿಬಂದು ಅವಳನ್ನು ತಬ್ಬಿಕೊಂಡರು.

"ಬಂದ್ಯಾ ರುಕ್ಕು! ಬಂದ್ಯಾ ನನ್ ಕಣ್ಣು! ಆಡಿ ಮುಗಿಯೋಕ್ ಮುಂಚೇನೇ ಬಂದ್ಬಿಟ್ಯಾ..."

ಒಳಗಿನಿಂದ ಒಬ್ಬ ಗಂಡಸು ಧಾವಿಸಿ ಬಂದ. ಕ್ಷೌರ ಕಾಣದ ಮುಖ, ನಿದ್ದೆ ಕಾಣದ ಕಣ್ಣು.

"ಬಿಡಮ್ಮಾ! ಇವರು ನರ್ಸು. ರುಕ್ಮಣಿ ಹೋಗಿ ಆಯ್ತು. ಅವಳಿಗೆ ಬೇರೆ ಮದುವೇನೂ ಆಯ್ತು. ಎಷ್ಟು ಸಲ ಹೇಳೋದು?"

ಮುದುಕಿಯ ಕೈ ಸಡಿಲವಾಯಿತು. ಆಗಷ್ಟೇ ಸಾವಿನ ಸುದ್ದಿ ಕೇಳಿದವರಂತೆ ಅಲ್ಲೇ ಮಣ್ಣಿನಲ್ಲಿ ಕುಸಿದು ಅಳತೊಡಗಿದರು.

ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಸಾಮಿಯಾತಾಳ್ ಕೂಗಿ ಹೇಳಿದಳು. "ಬೆಳಿಗ್ಗೇನೂ ಇದೇ ಅಳು ಅಮ್ಮಿಣಿ. ನಾಳೇನೂ ಇದೇ. ನೀನು ಎಷ್ಟು ದಿವಸ ಇರ್ತೀಯೋ ನೋಡೋಣ!"

'ನನಗೂ ಅದೇ ಯೋಚನೆ...' ಎಂದುಕೊಂಡಳು ಇಲಕ್ಕಿಯಾ.

ಆ ಮುದುಕಿ ಪಳನಿಯಮ್ಮ. ಮಗ ಸರವಣಕುಮಾರ್. ಕಬ್ಬು, ತೆಂಗು ಇರುವ ಮನೆ. ಒಂದು ಕಾಲದಲ್ಲಿ ಸಂತೆಯಲ್ಲಿ ತಮಿಳಿನಲ್ಲಿ ಜಗಳವಾಡಿ ಬೆಲೆ ಇಳಿಸುತ್ತಿದ್ದ ಪಳನಿಯಮ್ಮನಿಗೆ ಮರೆವಿನ ರೋಗ ಬಂದ ಮೇಲೆ ಮೊದಲು ಹೋದದ್ದು ಆ ತಮಿಳೇ. ಉಳಿದದ್ದು ಆ ಬೀದಿಯವರು ತಲೆಮಾರುಗಳಿಂದ ಮನೆಯಲ್ಲಾಡುವ ಕನ್ನಡ. ಮೊದಲು ಬಂದ ನರ್ಸುಗಳಿಗೆ ಅದು ತಿಳಿಯದೆ, ಅಜ್ಜಿ ಬಡಬಡಿಸುತ್ತಾಳೆ ಎಂದು ಬಿಟ್ಟುಹೋಗಿದ್ದರು. ಇಲಕ್ಕಿಯಾ ಸಿರುಮುಗೈ ಕಡೆಯ ನೇಕಾರರ ಮನೆಯವಳು. ಅವಳ ಮನೆಯಲ್ಲೂ ಕನ್ನಡವೇ. ಅದಕ್ಕೇ ಏಜೆನ್ಸಿಯವರು ಹುಡುಕಿ ಕಳಿಸಿದ್ದರು.

ರುಕ್ಮಣಿ ಆ ಮನೆಯ ಸೊಸೆಯಾಗಿದ್ದವಳು. ಮದುವೆಯಾದ ಹೊಸದರಲ್ಲಿ, ರೂಢಿಯಂತೆ ಆಡಿಗೆ ತವರಿಗೆ ಹೊರಟಿದ್ದಳು. ಅಡಿಗೆಯ ವಿಷಯಕ್ಕೆ ಏನೋ ಮಾತು ಬೆಳೆದು ಪಳನಿಯಮ್ಮ ಬಾಗಿಲಲ್ಲೇ ಅಂದುಬಿಟ್ಟಿದ್ದರು. "ಹೋಗು! ನೀನಿಲ್ದಿದ್ರೆ ಈ ಮನೆ ಒಲೆ ಉರಿಯಲ್ವಾ?" ಹೊರಡುವವರಿಗೆ 'ಹೋಗಿ ಬಾ' ಎನ್ನಬೇಕು. ಬರೀ 'ಹೋಗು' ಎಂದರೆ ಏನರ್ಥ! ಆಡಿ ಕಳೆದು ಆವಣಿ ಬಂತು, ಸೊಸೆ ಬರಲಿಲ್ಲ. ಕೊನೆಗೆ ಕೋರ್ಟಿನಲ್ಲಿ ಮುಗಿಯಿತು. ಇದೆಲ್ಲ ಆಗಿ ಎಷ್ಟೋ ವರ್ಷ. ಪಳನಿಯಮ್ಮ ಎಲ್ಲವನ್ನೂ ಮರೆತರು. ಆ ಬಾಗಿಲು, ಆ ಆಡಿ ಮಾತ್ರ ಮರೆಯಲಿಲ್ಲ.

ಇಲಕ್ಕಿಯಾ ಚೀಲವನ್ನು ಮಂಚದ ಕೆಳಗೆ ತಳ್ಳಿದಳು. ಬಟ್ಟೆ ತೆಗೆದಿಡಲಿಲ್ಲ. ಯಾವ ಮನೆಯಲ್ಲೂ ತೆಗೆದಿಟ್ಟವಳಲ್ಲ. ಪೀಳಮೇಡಿನ ಆಸ್ಪತ್ರೆಯೊಂದರ ಮಾನಸಿಕ ವಾರ್ಡಿನಲ್ಲಿ ಹತ್ತು ವರ್ಷ, ಅದಾದ ಮೇಲೆ ಪಾರ್ಶ್ವವಾಯು ಬಡಿದು ಮಲಗಿದ್ದ ಅಪ್ಪ, ಅಪ್ಪ ಹೋದ ಮೇಲೆ ಬೇರೆಯವರ ಅಪ್ಪಂದಿರು, ಅಮ್ಮಂದಿರು... ಮದುವೆಯ ವಯಸ್ಸು ಯಾರದೋ ಹಾಸಿಗೆಯ ಪಕ್ಕದಲ್ಲೇ ಕಳೆದಿತ್ತು.

ಮೊದಲ ವಾರ ಪಳನಿಯಮ್ಮ ಸ್ನಾನಕ್ಕೆ ಏಳಲಿಲ್ಲ, ಮಾತ್ರೆ ಉಗಿದರು, ಗಂಜಿಯ ಬಟ್ಟಲು ಎಸೆದರು. "ರುಕ್ಕು ಬರ್ಲಿ. ಅವಳ್ ಕೊಟ್ರೆ ಕುಡಿತೀನಿ!"

ಒಂದು ಬೆಳಿಗ್ಗೆ ಇಲಕ್ಕಿಯಾ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಕೈಕಾಲು ಸೋತಿತ್ತು.

"ಕುಡೀರಿ ಅತ್ತೆ," ಎಂದಳು. "ನಾ ರುಕ್ಕು. ಬಂದಿದ್ದೀನಿ."

ಪಳನಿಯಮ್ಮ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಮಾತ್ರೆ ನುಂಗಿದರು. ಸ್ನಾನಕ್ಕೂ ಎದ್ದರು!

ಇದು ಸಾಮಿಯಾತಾಳ್‌ಗೆ ಗೊತ್ತಾಗದೆ ಇರುತ್ತದೆಯೇ?

"ತಂಬಿ," ಎಂದಳು ಸರವಣಕುಮಾರನಿಗೆ, "ಆ ನರ್ಸು ನಿಮ್ಮವ್ವನ್ನ 'ಅತ್ತೆ' ಅಂತಾಳಪ್ಪ. ಜಾಗ್ರತೆ! ಈಗ ಅತ್ತೆ, ನಾಳೆ ತೋಟ ಯಾವ ಕಡೆ ಅಂತ ಕೇಳ್ತಾಳೆ."

ಅವನು ನಂಬಲಿಲ್ಲ. ಆದರೂ ಆ ಸಂಜೆ ಎಳನೀರು ಹಿಡಿದು ಒಳಗೆ ಬರುವಾಗ ಅಮ್ಮನ ದನಿ ಕೇಳಿ ಬಾಗಿಲಲ್ಲೇ ನಿಂತ.

"ಅವತ್ತು ನಾ ಹಂಗೆ ಅನ್ಬಾರ್ದಿತ್ತು ಕಣ್ಣು... ಇನ್ನೂ ಸಿಟ್ಟಾ? ಮತ್ತೆ ಹೋಗ್ತೀಯಾ?"

"ಎಲ್ಲಿಗೂ ಹೋಗಲ್ಲ ಅತ್ತೆ. ಇದು ನನ್ನ ಮನೆ ಅಲ್ವಾ?"

ಎಳನೀರು ನೆಲಕ್ಕೆ ಬಡಿದ ಸದ್ದಿಗೆ ಇಲಕ್ಕಿಯಾ ತಿರುಗಿದಳು. ಅವನು ಅವಳನ್ನು ಹಿತ್ತಲಿಗೆ ಕರೆದ.

"ಸಿಸ್ಟರ್, ನೀವು ಅಮ್ಮನ್ನ ನೋಡ್ಕೊಳ್ಳೋಕೆ ಬಂದಿದ್ದೀರಾ, ಈ ಮನೆ ಸೇರ್ಕೊಳ್ಳೋಕೆ ಬಂದಿದ್ದೀರಾ?"

ಎದೆಗೆ ಯಾರೋ ಕೆಂಡ ಇಟ್ಟ ಹಾಗಾಯಿತು. ಅಳಬೇಕಿತ್ತು... ಅಳುವುದಕ್ಕೂ ತ್ರಾಣ ಬೇಕಲ್ಲ!

"ಸರಿ," ಎಂದಳು. "ನಾಳೆ ಬೆಳಿಗ್ಗೆ ನೀವೇ ನಿಜ ಹೇಳಿ. ಅವರಿಗೆ ಅದು ಹಳೇ ವಿಷಯ ಅಲ್ಲ ಸಾರ್. ನೀವು ಹೇಳ್ದಾಗೆಲ್ಲ ಹೊಸದಾಗಿ ಕೇಳ್ತಾರೆ, ಹೊಸದಾಗಿ ಅಳ್ತಾರೆ. ಮರೆತು ಎದ್ದು ಮತ್ತೆ ಬಾಗಿಲು ನೋಡ್ತಾರೆ. ವಾರ್ಡಲ್ಲಿ ಇಂಥವರನ್ನ ನೋಡಿ ನೋಡಿ ಕಲಿತದ್ದು ಇದೊಂದೇ. ನೀವು ಹೇಳಿ. ನಾ ಪಕ್ಕದಲ್ಲಿ ನಿಂತಿರ್ತೀನಿ, ಕಣ್ಣೊರೆಸೋಕೆ."

ಮಾರನೆಯ ಬೆಳಿಗ್ಗೆ ಪಳನಿಯಮ್ಮ ಮಗನ ಅಂಗಿ ಹಿಡಿದು ಕೇಳಿದರು. "ರುಕ್ಕು ಎಲ್ಲಪ್ಪಾ?"

ಸರವಣಕುಮಾರ್ ಬಾಯಿ ತೆರೆದ. ಅಡಿಗೆಮನೆಯ ಬಾಗಿಲಲ್ಲಿ ಇಲಕ್ಕಿಯಾ ನಿಂತಿದ್ದಳು, ಕೈಯಲ್ಲಿ ಒದ್ದೆ ಟವಲು. ಅಮ್ಮನ ಕಣ್ಣಿನಲ್ಲಿ ಅಂಥ ಆಸೆ...

"ಒಳಗಿದ್ದಾಳೆ ಅಮ್ಮಾ," ಎಂದ. "ಕಾಪಿ ತರ್ತಾಳೆ, ಇರು."

ಅಷ್ಟು ಹೇಳಿ ತೋಟಕ್ಕೆ ಹೋದವನು ಬೇಲಿಯ ಮರೆಯಲ್ಲಿ ನಿಂತು ಬಿಕ್ಕಿದ. ಇಷ್ಟು ದಿನವೂ ಅಮ್ಮನನ್ನು ಅಳಿಸಿದ್ದು ತಾನೇ ಎಂದು ಆಗ ಅವನಿಗೆ ತಿಳಿದದ್ದು.

ಸಂಜೆ ಬಂದು ಇಲಕ್ಕಿಯಾಳ ಮುಂದೆ ಬೇರೆ ಎಳನೀರು ಇಟ್ಟ. "ಕ್ಷಮಿಸಿ" ಎಂಬ ಮಾತು ಬರಲಿಲ್ಲ. ಅವಳು ಕುಡಿದಳು. ಇಬ್ಬರಿಗೂ ಅಷ್ಟು ಸಾಕಾಗಿತ್ತು.

ಪುರಟಾಸಿ ತಿಂಗಳು ಹೋಯಿತು, ಸಂಕ್ರಾಂತಿಯ ತೈ ಬಂತು, ಕಬ್ಬು ಕಡಿದದ್ದಾಯಿತು. ಅಮ್ಮನನ್ನು ಎಬ್ಬಿಸಿ ಕೂರಿಸುವಾಗ ಒಂದು ತೋಳು ಅವನು, ಇನ್ನೊಂದು ತೋಳು ಅವಳು. ಅವನು ಗಡ್ಡ ತೆಗೆಯತೊಡಗಿದ. 'ಸಿಸ್ಟರ್' ಎನ್ನುವುದನ್ನು ಬಿಟ್ಟ, ಬದಲಿಗೆ ಏನೂ ಕರೆಯಲಿಲ್ಲ.

"ಏನ್ ತಂಬಿ," ಎಂದು ಸಾಮಿಯಾತಾಳ್ ನಕ್ಕಳು, "ಈಗ 'ಇಲ್ನೋಡಿ', 'ಸ್ವಲ್ಪ ಬನ್ನಿ' ಅಂತೀಯಲ್ಲ! ಸಿಸ್ಟರ್ ಎಲ್ಲಿ ಹೋದ್ಳು?" ಇಲಕ್ಕಿಯಾಳ ಕಡೆ ತಿರುಗಿ, "ನಿಮ್ ನೇಯೋರ ಕನ್ನಡ ನೂಲು ಎಳ್ದಂಗಿದೆ ಅಮ್ಮಿಣಿ. ನಮ್ ತಂಬಿ ಅದ್ರಲ್ಲೇ ಸಿಕ್ಕಾಕ್ಕೊಂಡ."

"ನಿಮ್ಮದು ಕಬ್ಬು ಕಡಿದಂಗಿದೆ ಅಕ್ಕಾ. ಮೈಯೆಲ್ಲ ಗಾಯ."

ಮೂವರೂ ನಕ್ಕರು. ಏನೂ ತಿಳಿಯದೆ ಪಳನಿಯಮ್ಮನೂ ನಕ್ಕರು.

ಆದರೆ ಪಂಗುನಿ ತಿಂಗಳ ಒಂದು ಹಬ್ಬದ ದಿನ ಪಳನಿಯಮ್ಮ ಬೀರುವಿನಿಂದ ಒಂದು ಹಸಿರು ಸೀರೆ ಎಳೆದು ತಂದರು. "ಉಟ್ಕೋ ರುಕ್ಕು." ಬೇಡವೆಂದರೆ ಅಳು ಶುರುವಾಗುತ್ತದೆ. ಉಟ್ಟಳು. ಹೊರಗಿನಿಂದ ಬಂದ ಸರವಣಕುಮಾರ್ ಅವಳನ್ನು ಕಂಡು ಕಣ್ಣು ಕೀಳದೆ ನಿಂತುಬಿಟ್ಟ.

ಇಲಕ್ಕಿಯಾಳ ಎದೆ ಹಾರಿತು... ಮರುಕ್ಷಣವೇ ತಣ್ಣಗಾಯಿತು. 'ಈ ನೋಟ ನನಗಲ್ಲ. ಈ ಸೀರೆ ಮೊದಲು ಉಟ್ಟಿದ್ದವಳಿಗೆ.'

"ಯಾರನ್ನ ನೋಡ್ತಿದ್ದೀರಿ?" ಎಂದು ಕೇಳಿಯೇಬಿಟ್ಟಳು.

ಅವನು ತಲೆ ತಗ್ಗಿಸಿದ.

ಅವಳು ಸೀರೆ ಮಡಿಸಿಟ್ಟಳು. ಆ ಮನೆಯಲ್ಲಿ ಒಬ್ಬರಾದರೂ ಒಮ್ಮೆಯಾದರೂ ತನ್ನ ಹೆಸರು ಹಿಡಿದು ಕರೆದದ್ದುಂಟೇ? ಯಾರದೋ ಹೆಸರಿಗೆ ಓಗೊಟ್ಟು, ಯಾರದೋ ತಪ್ಪನ್ನು ಯಾರ ಪರವಾಗಿಯೋ ಕ್ಷಮಿಸಿ... ಸಾಕಾಗಿತ್ತು. ಏಜೆನ್ಸಿಗೆ ಫೋನು ಮಾಡಿದಳು. "ಆಡಿವರೆಗೆ ಇರ್ತೀನಿ. ಆಮೇಲೆ ಕನ್ನಡ ಬರೋ ಬೇರೆ ಯಾರನ್ನಾದ್ರೂ ನೋಡಿ."

ಮತ್ತೆ ಆಡಿ ಬಂತು. ಅದೇ ಗಾಳಿ. ಪಳನಿಯಮ್ಮ ಬಡವಾಗಿದ್ದರು, ಮಾತು ಕಡಿಮೆಯಾಗಿತ್ತು. ತಿಂಗಳ ಕೊನೆಗೆ ಇಲಕ್ಕಿಯಾ ಮಂಚದ ಕೆಳಗಿನ ಚೀಲ ಎಳೆದು ಜಗಲಿಗೆ ಬಂದಳು.

ಸರವಣಕುಮಾರ್ ಬಾಗಿಲಲ್ಲಿ ಅಡ್ಡ ನಿಂತಿದ್ದ.

"ರುಕ್ಮಣಿ ಹೊರಟ ದಿನ ನಾನೂ ಇಲ್ಲೇ ನಿಂತಿದ್ದೆ," ಎಂದ. "ಅಮ್ಮ ಹೋಗು ಅಂದ್ರು. ಎಲ್ರೂ ಅಮ್ಮನ ತಪ್ಪು ಅಂತಾರೆ. ನಾ ಬಾಯಿ ತೆರೀಲೇ ಇಲ್ಲ. ಅದು ಯಾರಿಗೂ ನೆನಪಿಲ್ಲ."

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು.

"ಇಲಕ್ಕಿಯಾ."

ಅಯ್ಯೋ... ತನ್ನ ಹೆಸರೇ! ಕೇಳಿ ಎಷ್ಟು ಕಾಲವಾಗಿತ್ತು!

"ಆ ಹಸಿರು ಸೀರೇಲಿ ನೋಡಿದಾಗ ನನಗೆ ನಾಚಿಕೆ ಆಯ್ತು. ಇವರಿಗೆ ಇನ್ನೊಬ್ಬರ ಸೀರೆ ಉಡಿಸಿದ್ವಲ್ಲ, ನಾನೇ ಒಂದು ತಂದಿರಬೇಕಿತ್ತು ಅಂತ. ಹೇಳೋಕೆ ನಾಲಿಗೆ ಬರ್ಲಿಲ್ಲ. ನಾ ನೋಡಿದ್ದು ನಿಮ್ಮನ್ನ. ಅಮ್ಮನಿಗಾಗಿ ಕೇಳ್ತಿಲ್ಲ. ನನಗಾಗಿ... ಇರ್ತೀರಾ?"

ಇಲಕ್ಕಿಯಾಳ ಕಣ್ಣು ತುಂಬಿತು. "ನಾ ತುಂಬಾ ದಣಿದಿದ್ದೀನಿ," ಎಂದಳು.

"ಹಂಗಾದ್ರೆ ಕೂತ್ಕೊಳ್ಳಿ," ಎಂದ ಅವನು.

ಕುಳಿತಳು. ಅವನು ಒಳಗೆ ಹೋಗಿ ತಾನೇ ಕಾಪಿ ಮಾಡಿ ತಂದ. ಸಕ್ಕರೆ ಜಾಸ್ತಿಯಾಗಿತ್ತು. ಪಳನಿಯಮ್ಮ ಗೋಡೆ ಹಿಡಿದು ಹೊರಗೆ ಬಂದು ಪಕ್ಕದಲ್ಲಿ ಕೂತು ಅವಳನ್ನೇ ದಿಟ್ಟಿಸಿದರು.

"ಯಾರಪ್ಪ ಈ ಅಮ್ಮಿಣಿ?"

"ಇಲಕ್ಕಿಯಾ ಅಮ್ಮಾ."

"ಊಟ ಮಾಡಿದ್ಳಾ? ಮುಖ ಬಾಡಿದೆ ನೋಡು, ಪಾಪ."

ಅಲ್ಲಿಯವರೆಗೆ ತಡೆದಿಟ್ಟದ್ದೆಲ್ಲ ಆಗ ಒಡೆಯಿತು. ಇಲಕ್ಕಿಯಾ ಮುದುಕಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು.

ಅತ್ತು ಮುಗಿದ ಮೇಲೆ ಎದ್ದು ಮುಖ ತೊಳೆದು ಬಂದಳು.

"ಆಡೀಲಿ ಯಾರಾದ್ರೂ ಮದುವೆ ಮಾತು ಎತ್ತುತಾರಾ? ಊರಲ್ಲಿ ನಮ್ಮಣ್ಣನ ಮನೆಗೆ ಹೋಗಿರ್ತೀನಿ. ಆವಣಿ ಹುಟ್ಟಿದ ಮೇಲೆ ಬನ್ನಿ."

"ಕರ್ಕೊಂಡ್ ಬರೋಕೆ ಬಂದ್ರೆ ಬರ್ತೀರಾ?"

"ಸಿಸ್ಟರ್ ಅಂತ ಕರೀದಿದ್ರೆ."

ಬೇಲಿಯಾಚೆಯಿಂದ ಸಾಮಿಯಾತಾಳ್ ಮೂಗು ಒರೆಸಿಕೊಂಡಳು. "ಅಲ್ಲಿವರ್ಗೂ ನಿಮ್ಮವ್ವನ್ನ ನಾ ನೋಡ್ಕೋತೀನಿ ತಂಬಿ. ಅವತ್ತು ನಾ ಆಡಿದ್ ಮಾತಿಗೆ ದಂಡ ಅಂತ ಇಟ್ಕೋ!"

ಇಲಕ್ಕಿಯಾ ಮತ್ತೆ ಎತ್ತಿಕೊಂಡ ಚೀಲವನ್ನು ಸರವಣಕುಮಾರ್ ತೆಗೆದುಕೊಂಡ. "ಇದು ಇಲ್ಲೇ ಇರ್ಲಿ, ಇಲಕ್ಕಿಯಾ."

ಅವಳು ಗೇಟಿನ ಹತ್ತಿರ ಹೋದಾಗ ಹಿಂದಿನಿಂದ ಪಳನಿಯಮ್ಮನ ದನಿ ಬಂತು. ಗಾಳಿಯಲ್ಲೂ ಸ್ಪಷ್ಟವಾಗಿ ಕೇಳಿಸಿತು.

"ಹೋಗಿ ಬಾ ಕಣ್ಣು..."

ಇಲಕ್ಕಿಯಾ ಹೊರಟದ್ದು ಆಡಿಯ ಕೊನೆಯ ಬುಧವಾರ. ಕೈಯಲ್ಲಿ ಒಂದು ಸಣ್ಣ ಪರ್ಸು, ಸಾಮಿಯಾತಾಳ್ ಕೊಟ್ಟ ಒಂದು ಹೂವಿನ ಪೊಟ್ಟಣ, ಅಷ್ಟೇ.