ಮೂಳೆ ತೆಗೆದ ತುತ್ತು

"ಅಯ್ಯೋ ದೇವರೇ!"

ವೈದೇಹಿ ಫ್ರಿಜ್ಜಿನ ಬಾಗಿಲನ್ನು ದಡಾರನೆ ಮುಚ್ಚಿ ಹಿಂದಕ್ಕೆ ಹಾರಿದಳು. ಹೆಪ್ಪಿಗೆಂದು ಮೊಸರು ತೆಗೆಯಲು ಹೋದವಳ ಕಣ್ಣಿಗೆ ಬಿದ್ದದ್ದು ಡಬ್ಬದೊಳಗೆ ಸಾಲಾಗಿ ಮಲಗಿದ್ದ ಹಳದಿ ಕೋಳಿಮರಿಗಳು. ಸತ್ತ ಕೋಳಿಮರಿಗಳು!

"ಸಾರಿ ರೀ, ಸಾರಿ! ಅದು ನಂದು..."

ಅಡುಗೆಮನೆಯ ಬಾಗಿಲಲ್ಲಿ ಎತ್ತರದ ಯುವಕನೊಬ್ಬ ನಿಂತಿದ್ದ. ಅವನ ಸ್ವೆಟರಿನ ಕತ್ತಿನಿಂದ ಎರಡು ಪುಟ್ಟ ಮೂತಿಗಳು ಇಣುಕುತ್ತಿದ್ದವು.

ಸ್ವೀಡನ್ನಿನ ಕಿಸ್ಟಾದಲ್ಲಿ ಕನ್ನಡ ಕೇಳಿದ ಸಂತೋಷಕ್ಕೂ ಅವಳಿಗೆ ಪುರುಸೊತ್ತಿರಲಿಲ್ಲ.

"ನೀವು... ಇದನ್ನ ತಿಂತೀರಾ?"

"ನಾನಲ್ಲ ರೀ! ಇವು ತಿಂತಾವೆ!" ಎಂದು ಅವನು ಎರಡು ಪ್ರಾಣಿಗಳನ್ನೂ ಹೊರಗೆಳೆದ. ನೋಡಲು ಮುಂಗುಸಿಯಂತೆ, ಆದರೆ ಬೆಕ್ಕಿನ ಮರಿಯಷ್ಟು ಮೆತ್ತಗೆ. "ಫೆರೆಟ್ ಅಂತಾರೆ. ಬಿಳೀದು ಎಳ್ಳು, ಕಂದುಬಣ್ಣದ್ದು ಬೆಲ್ಲ."

ವೈದೇಹಿಗೆ ನಗು ತಡೆಯಲಾಗಲಿಲ್ಲ. ಹಾಳಾದ ನಗು! ಅದೇ ಅವಳನ್ನು ಹಳ್ಳಕ್ಕೆ ತಳ್ಳಿತು.

ಅವನು ಗಂಗಾಧರ, ಗದಗಿನ ಕಡೆಯವನು, ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಅವಳು ಮೈಸೂರಿನ ಅಗ್ರಹಾರದ ಹುಡುಗಿ, ಟೆಲಿಕಾಂ ಕಂಪನಿಯೊಂದರಲ್ಲಿ ಕನ್ಸಲ್ಟೆಂಟ್. ಸ್ಟಾಕ್‌ಹೋಮಿನಲ್ಲಿ ಗಂಡು ಸಿಕ್ಕರೂ ಸಿಕ್ಕೀತು, ಮನೆ ಸಿಗುವುದಿಲ್ಲ. ಹಾಗಾಗಿ ಸಾಲು ಕೋಣೆಗಳಿಗೆಲ್ಲ ಒಂದೇ ಅಡುಗೆಮನೆಯಿದ್ದ ಈ ಕಟ್ಟಡದಲ್ಲಿ, ಗಂಗಾಧರನ ಎದುರಿನ ಕೋಣೆಗೆ ಅವಳು ಬಂದು ಬಿದ್ದಿದ್ದಳು.

ಆ ಬೇಸಿಗೆ ಹೇಗೆ ಕಳೆಯಿತೋ! ಸಂಜೆಯ ಫಿಕಾಗೆ, ಅಂದರೆ ಆ ಊರಿನವರ ಕಾಫಿ ಹೊತ್ತಿಗೆ, ಅವಳ ಫಿಲ್ಟರ್ ಕಾಫಿ, ಅವನ ದಾಲ್ಚಿನ್ನಿ ಬನ್ನು. ಮೇಜಿನ ಕೆಳಗೆ ಅವಳ ಸಾಕ್ಸ್ ಕದ್ದು ಓಡುವ ಎಳ್ಳು ಬೆಲ್ಲ. ಅವನು ಮಾಂಸ ಕತ್ತರಿಸುವಾಗ ಅವಳು ಬೆನ್ನು ತಿರುಗಿಸಿ ಕುಳಿತು ಮಾತು ಮುಂದುವರಿಸುತ್ತಿದ್ದಳು.

"ಇವಕ್ಕೆ ಅನ್ನ, ಹಾಲು ಏನೂ ಆಗಲ್ಲ ರೀ. ಹಸಿ ಮಾಂಸಾನೇ ಬೇಕು. ಅದೂ ಬರೀ ಮಾಂಸ ಅಲ್ಲ. ಮೂಳೆ, ಗುಂಡಿಗೆ, ಚೂರು ಲಿವರ್... ಎಲ್ಲ ಅಳತೆಗೆ ತಕ್ಕ ಹಾಗೆ ಸೇರಿದ್ರೇನೇ ಊಟ. ಬೆಳೆಯೋ ಮರಿಗಳು ನೋಡ್ರಿ."

"ಹೂಂ ಹೂಂ, ಕೇಳಿಸ್ತು. ಮುಗೀತಾ? ತಿರುಗ್ಲಾ?"

ಸೆಪ್ಟೆಂಬರಿನಲ್ಲಿ ಗಂಗಾಧರ ಮೂರು ತಿಂಗಳ ಪ್ರಯೋಗಕ್ಕೆಂದು ಉತ್ತರದ ಉಮಿಯೋ ಊರಿಗೆ ಹೊರಟ.

"ಇವನ್ನ... ನೀವು ನೋಡ್ಕೋತೀರಾ? ನಿಮಗೆ ಕಷ್ಟ ಆಗುತ್ತೆ ಅಂತ ಗೊತ್ತು. ಬೇಡ ಅಂದ್ರೆ ಬೇರೆಯವರನ್ನ ಕೇಳ್ತೀನಿ."

'ಬೇರೆಯವರಾ? ಯಾರು ಆ ಬೇರೆಯವರು?' ಅವಳಿಗೆ ಸುಮ್ಮನೆ ಹೊಟ್ಟೆ ಉರಿಯಿತು.

"ನಾನೇ ನೋಡ್ಕೋತೀನಿ" ಎಂದುಬಿಟ್ಟಳು.

ಅವನು ಎಲ್ಲವನ್ನೂ ಹದವಾಗಿ ಬೆರೆಸಿ, ಪೊಟ್ಟಣ ಕಟ್ಟಿ, ಫ್ರೀಜರ್ ತುಂಬಿಸಿ ಹೋದ. ಕರಗಿಸಿ ಹಾಕಿದರೆ ಸಾಕಿತ್ತು. ಅಷ್ಟೇ!

ಮೊದಲ ಪೊಟ್ಟಣ ಬಿಚ್ಚಿದಾಗ ಲಿವರಿನ ವಾಸನೆ ಮೂಗಿಗೆ ಬಡಿದು ವೈದೇಹಿ ಬಚ್ಚಲಿಗೆ ಓಡಿದಳು. ಆಮೇಲೆ ಕೋಳಿ ಕತ್ತಿನ ಮೂಳೆಯ ಚೂಪು ತುದಿ ಕಂಡಿತು. 'ಇಷ್ಟು ಎಳೇ ಗಂಟಲಿಗೆ ಇದು ಚುಚ್ಚಲ್ವಾ?' ಅವಳ ಮನೆಯಲ್ಲಿ ಕೂಸುಗಳಿಗೆ ಅನ್ನವನ್ನು ನುಣ್ಣಗೆ ಮಿದ್ದು, ಬೆರಳಲ್ಲಿ ಸವರಿ ನೋಡಿ ತುತ್ತು ಕೊಡುತ್ತಿದ್ದರು. ಅವಳಿಗೆ ಗೊತ್ತಿದ್ದ ಅಕ್ಕರೆ ಅದೊಂದೇ.

ಅಂಗಡಿಗೆ ಹೋಗಿ ಮೂಳೆಯಿಲ್ಲದ ಬಿಳಿ ಚಿಕನ್ ತಂದಳು. ಕೈಗವಸು ತೊಟ್ಟು, ಅಕ್ಕಿ ತೊಳೆದಂತೆ ತೊಳೆತೊಳೆದು, ನುಣ್ಣಗೆ ಹೆಚ್ಚಿಟ್ಟಳು. ಎಳ್ಳು ಬೆಲ್ಲ ಅವಳ ಮಡಿಲಲ್ಲೇ ಕೂತು ಚಪ್ಪರಿಸಿಕೊಂಡು ತಿಂದವು! ಅವಳಿಗೆ ಎಷ್ಟು ಹೆಮ್ಮೆ!

"ಎಲ್ಲ ತಿಂತಾವೇನ್ರೀ? ಮೂಳೆ?" ಫೋನಿನಲ್ಲಿ ಅವನ ದನಿ.

"ಎಲ್ಲಾ ಖಾಲಿ ಮಾಡ್ತಾವೆ!"

ಒಂದು ಸಣ್ಣ ಸುಳ್ಳು. ಅವನ ಖುಷಿಗಾಗಿ... ಅಲ್ಲ, ಅವನ ಕಣ್ಣಲ್ಲಿ ಚಿಕ್ಕವಳಾಗಬಾರದೆಂದು. ಪ್ರತಿ ಫೋನಿಗೂ ಅದೇ ಸುಳ್ಳು.

ನವೆಂಬರ್ ಮುಗಿಯುವ ಹೊತ್ತಿಗೆ ಎಳ್ಳು ಮಂಚ ಹತ್ತುವುದನ್ನು ಬಿಟ್ಟಿತು. ಬೆಲ್ಲ ನಡೆಯುವಾಗ ಹಿಂದಿನ ಕಾಲು ಎಳೆಯತೊಡಗಿತು. 'ಚಳಿಗಿರಬೇಕು' ಎಂದು ಅವಳು ಹೀಟರ್ ಪಕ್ಕ ತನ್ನ ಶಾಲು ಹಾಸಿದಳು.

ಕಿಟಕಿಗಳಲ್ಲಿ ಕ್ರಿಸ್‌ಮಸ್ ನಕ್ಷತ್ರಗಳು ಬೆಳಗುವ ಕಾಲಕ್ಕೆ ಗಂಗಾಧರ ಬಂದ. ಎಳ್ಳುವನ್ನು ಎತ್ತಿಕೊಂಡ ಕೂಡಲೇ ಅದು ನೋವಿನಿಂದ ಚೀರಿತು. ಅವನ ಮುಖದ ನಗು ಆರಿಹೋಯಿತು.

ಪ್ರಾಣಿವೈದ್ಯೆ ಎಕ್ಸ್‌ರೇ ಹಿಡಿದು ಕೇಳಿದಳು, "ಇವು ಏನು ತಿಂದಿವೆ?"

"ಎಲ್ಲಾನೂ. ಮೂಳೆ, ಲಿವರ್..." ಎಂದು ಗಂಗಾಧರ ಹೇಳುತ್ತಿದ್ದ.

"ಇಲ್ಲ" ಎಂದಳು ವೈದೇಹಿ. ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ಬರೀ ಮೆತ್ತನೆ ಮಾಂಸ. ನಾನು... ಮೂಳೆ ಕೊಟ್ಟೇ ಇಲ್ಲ."

ಸುಣ್ಣದ ಅಂಶವಿಲ್ಲದೆ ಮೂಳೆಗಳು ಟೊಳ್ಳಾಗಿವೆ ಎಂದಳು ವೈದ್ಯೆ. ಎಳ್ಳುವಿನ ಬೆನ್ನುಮೂಳೆಯೇ ಮುರಿದಿತ್ತು. ಅದನ್ನು ನೋವಿಲ್ಲದೆ ಕಳಿಸಿಕೊಡುವುದೊಂದೇ ಉಳಿದಿತ್ತು. ಸೂಜಿ ಚುಚ್ಚುವಾಗ ಅದು ವೈದೇಹಿಯ ಬೆರಳನ್ನು ನೆಕ್ಕುತ್ತಿತ್ತು.

ಮನೆಗೆ ಬಂದು ಗಂಗಾಧರ ಫ್ರೀಜರ್ ತೆರೆದ. ಅವನು ಕಟ್ಟಿಟ್ಟಿದ್ದ ಪೊಟ್ಟಣಗಳು, ಒಂದನ್ನು ಬಿಟ್ಟು, ಇಟ್ಟಂತೆಯೇ ಇದ್ದವು.

"ಒಂದು ಮಾತು ಹೇಳಿದ್ರೆ ಸಾಕಿತ್ತು. ಕೈಲಾಗಲ್ಲ ಅಂತ" ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು! "ತಪ್ಪು ನಂದೇ ಬಿಡ್ರಿ. ನೀವು ಮುಟ್ಟಕ್ಕಾಗದೇ ಇದ್ದಿದ್ದು ಬರೀ ಮೂಳೆ ಅಲ್ಲ. ನಮ್ಮ ಮನೇಲಿ ತಿನ್ನೋದು, ನಾವು ಬೆಳೆದಿದ್ದು, ನಾನು... ಎಲ್ಲಾನೂ ಅಷ್ಟೇ."

ಸುಳ್ಳು ಎಂದು ಕೂಗಬೇಕೆನಿಸಿತು ವೈದೇಹಿಗೆ. ಆದರೆ ಪೂರ್ತಿ ಸುಳ್ಳಲ್ಲವಲ್ಲ! ಅವನು ಮಾಂಸ ಹೆಚ್ಚುವಾಗ ಬೆನ್ನು ತಿರುಗಿಸಿ ಕೂತವಳು ಅವಳೇ ತಾನೇ? ಅವನ ಮಾತು ಬೇಕು, ನಗು ಬೇಕು, ಕೈ ಮಾತ್ರ ತೊಳೆದುಕೊಂಡು ಬರಬೇಕು! ಅವನು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಎರಡು ದಿನ ಆ ಬಾಗಿಲು ತೆರೆಯಲಿಲ್ಲ. ತೆರೆದಾಗ ಅವನ ಕೈಯಲ್ಲಿ ಬೆಲ್ಲ ಇತ್ತು.

"ನನ್ನ ಕೈಲಿ ಏನೂ ತಿಂತಾ ಇಲ್ಲ. ಮರಿಯಾಗಿದ್ದಾಗ ಯಾವ ವಾಸನೆ ಅಭ್ಯಾಸ ಆಗುತ್ತೋ ಅದನ್ನೇ ಊಟ ಅಂದ್ಕೋತಾವೆ ಇವು. ನಿಮ್ಮ ವಾಸನೆ ಹತ್ತಿಬಿಟ್ಟಿದೆ." ಅವನು ಅವಳ ಮುಖ ನೋಡಲಿಲ್ಲ. "ಕೇಳಬಾರದು... ಆದ್ರೂ..."

ವೈದೇಹಿ ಬಳೆ ತೆಗೆದಿಟ್ಟು ಅಡುಗೆಮನೆಗೆ ಹೋದಳು. ಈ ಸಲ ಕೈಗವಸು ಹಾಕಲಿಲ್ಲ.

ಕೋಳಿಯ ಕತ್ತನ್ನು ಮೂಳೆ ಸಮೇತ ಕೊಚ್ಚಿದಳು. ಸಿಂಕಿಗೆ ಓಡಿ ವಾಂತಿ ಮಾಡಿ, ಬಾಯಿ ತೊಳೆದು, ಮತ್ತೆ ಬಂದು ಕೊಚ್ಚಿದಳು. ಲಿವರ್ ಬೆರಳ ಸಂದಿಯಿಂದ ಜಾರಿತು. ವೈದ್ಯೆ ಹೇಳಿದಂತೆ ಮೊಟ್ಟೆಯೋಡಿನ ಪುಡಿ ಬೆರೆಸಿ, ಬೆರಳ ತುದಿಯಲ್ಲಿ ಅದ್ದಿ ಹಿಡಿದಳು. ಬೆಲ್ಲ ಮೂಸಿತು, ಮುಖ ತಿರುಗಿಸಿತು, ಮತ್ತೆ ಮೂಸಿತು... ನೆಕ್ಕಿತು!

ಅಂದಿನಿಂದ ಆಫೀಸಿಗೆ ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಅವಳದ್ದು ಅದೇ ಕೆಲಸ. ಗಂಗಾಧರ ಬಾಗಿಲ ಬಳಿ ನಿಂತಿರುತ್ತಿದ್ದ. "ಥ್ಯಾಂಕ್ಸ್ ರೀ" ಎನ್ನುತ್ತಿದ್ದ. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. 'ಒಂದು ಸಲ ಬೈಯಿ... ಒಂದು ಸಲ ಕ್ಷಮಿಸು... ಏನಾದರೂ ಒಂದು ಮಾಡು!' ಎಂದು ಅವಳ ಜೀವ ಒದ್ದಾಡುತ್ತಿತ್ತು.

ಬೆಲ್ಲ ಬದುಕಿತು. ಆದರೆ ಅದು ಇನ್ನೆಂದೂ ಸಾಕ್ಸ್ ಕದ್ದು ಓಡುವುದಿಲ್ಲ.

ಎರಡು ಸಾವಿರದ ಒಂಬತ್ತರ ಆ ಚಳಿಗಾಲ ಎಲ್ಲ ಕಂಪನಿಗಳೂ ಜನರನ್ನು ಕಳಿಸುತ್ತಿದ್ದವು. ವೈದೇಹಿಯ ಪ್ರಾಜೆಕ್ಟೂ ನಿಂತಿತು. ಕೆಲಸವಿಲ್ಲದಿದ್ದರೆ ಆ ದೇಶದಲ್ಲಿರಲು ಪರ್ಮಿಟ್ ಇಲ್ಲ. ಹೊರಡುವುದೆಂದು ಗೊತ್ತಾದಾಗ ಗಂಗಾಧರ, "ಒಳ್ಳೇದಾಯ್ತು ಬಿಡ್ರಿ, ನಿಮಗೂ ಮನೆ ಊಟ" ಎಂದು ಗೋಡೆ ನೋಡುತ್ತ ನಿಂತ.

ಹೊರಡುವ ದಿನ ಬೆಳಿಗ್ಗೆ ಅವಳ ಸೂಟ್‌ಕೇಸ್ ಬಾಗಿಲ ಬಳಿಯಿತ್ತು. ಹೊರಗೆ ಹಿಮ ಕರಗಿ ರಾಡಿಯಾಗಿತ್ತು. ಅವಳು ಕೊನೆಯ ಸಲ ಬೆಲ್ಲದ ಊಟ ಕಲಸಿದಳು.

"ಕೈ ಕೊಡಿ" ಎಂದಳು.

"ಏನು?"

"ನಾನು ಹೋದ ಮೇಲೆ ಇದು ಉಪವಾಸ ಸಾಯ್ಬೇಕಾ? ಕೈ ಕೊಡಿ."

ಅವನ ಅಂಗೈಯನ್ನು ತನ್ನ ಅಂಗೈ ಮೇಲಿಟ್ಟು, ಅದರ ಮೇಲೆ ತುತ್ತಿಟ್ಟಳು. ಬೆಲ್ಲ ಹಿಂಗಾಲು ಎಳೆದುಕೊಂಡು ಬಂತು. ಅವಳ ಬೆರಳು ಮೂಸಿತು. ಅವನ ಬೆರಳು ಮೂಸಿತು. ಅನುಮಾನಿಸಿತು...

ತಿಂದಿತು.

ವೈದೇಹಿ ಮೆಲ್ಲಗೆ ತನ್ನ ಕೈಯನ್ನು ಕೆಳಗಿನಿಂದ ಎಳೆದುಕೊಂಡಳು. ಬೆಲ್ಲ ತಲೆ ಎತ್ತಲಿಲ್ಲ, ಅವನ ಕೈಯಿಂದಲೇ ತಿನ್ನುತ್ತಿತ್ತು. ಇಷ್ಟು ದಿನ ಅವಳಿಗೆ ಈ ಮನೆಯಲ್ಲಿದ್ದ ಒಂದೇ ಒಂದು ಕೆಲಸ, ಅವನ ಎದುರು ನಿಲ್ಲಲು ಇದ್ದ ಒಂದೇ ಒಂದು ನೆಪ ಮುಗಿದುಹೋಯಿತು.

ಅವಳು ಅಳತೊಡಗಿದಳು. ಮುಚ್ಚುಮರೆಯಿಲ್ಲದೆ, ಮೂಗು ಸೋರಿಸಿಕೊಂಡು, ಮಕ್ಕಳ ಹಾಗೆ.

"ಅಪ್ಪನಿಗೆ ಹೇಳಿದೆ" ಎಂದಳು. "ಗದಗಿನವರೊಬ್ಬರು ಇಷ್ಟ ಅಂತ. ಅವರು ಏನು ತಿಂತಾರೆ ಅಂತಾನೂ ಹೇಳಿದೆ. ನಾನು ಕೈಯಾರೆ ಏನು ಕತ್ತರಿಸ್ತೀನಿ ಅಂತಾನೂ. ಈ ಸಲ ಏನನ್ನೂ ಮುಚ್ಚಿಡಲಿಲ್ಲ, ತೆಗೆದಿಡಲಿಲ್ಲ."

ಗಂಗಾಧರ ಅವಳತ್ತ ತಿರುಗಿದ. "ಏನಂದ್ರು?"

"ಫೋನ್ ಇಟ್ಟರು. ಆಮೇಲೆ ಎತ್ತಿಲ್ಲ. ಅಮ್ಮ, 'ಬಾ, ಆದರೆ ಅಪ್ಪನ ಮುಂದೆ ಬರಬೇಡ' ಅಂದ್ರು." ಅವಳು ಕಣ್ಣೊರೆಸಿಕೊಳ್ಳಲು ಹೋಗಿ ಕೈ ತಡೆದಳು. ಬೆರಳಿಗೆಲ್ಲ ಲಿವರ್ ಅಂಟಿತ್ತು. "ನಿಮ್ಮನ್ನ ಏನೂ ಕೇಳ್ತಿಲ್ಲ. ಎಳ್ಳುನ ನಾನೇ ಕೊಂದೆ. ಅದನ್ನ ನೀವು ಮರೀಬೇಡಿ. ಆದ್ರೆ ನಾನು ನಿಮ್ಮನ್ನ ಮುಟ್ಟಲಾರದವಳು ಅಂತ ಮಾತ್ರ ಅಂದ್ಕೋಬೇಡಿ..."

ಅವನು ಅವಳ ಎರಡೂ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡ.

"ವಾಸನೆ..." ಎಂದಳು ಅವಳು.

"ಇರಲಿ."

"ಎಷ್ಟು ತೊಳೆದ್ರೂ ಹೋಗಲ್ಲ."

"ಹೋಗಬಾರದು."

ಕೆಳಗೆ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಅವನ ಫೆಲೋಶಿಪ್ಪಿನಲ್ಲಿ ಇನ್ನೊಬ್ಬರ ಪರ್ಮಿಟ್ಟಿಗೆ ದಾರಿಯಿರಲಿಲ್ಲ. ಅವಳಿಗೆ ಮೈಸೂರಿನಲ್ಲಿ ಮಾತಾಡುವವರಿರಲಿಲ್ಲ. ಇಬ್ಬರಿಗೂ ಎಲ್ಲ ಗೊತ್ತಿತ್ತು.

"ಹೇಳಿ" ಎಂದಳು ವೈದೇಹಿ. "ಹೇಳಿದ್ರೂ ನಾನು ಹೋಗ್ಲೇಬೇಕು. ಆದ್ರೂ ಹೇಳಿ. ಒಂದೇ ಸಲ."

ಅವನು ಅವಳ ಕೈ ಬಿಡಲಿಲ್ಲ.

"ಹೋಗಬ್ಯಾಡ, ವೈದೇಹಿ."

"ಹೂಂ" ಎಂದಳು ಅವಳು, ಕಣ್ಣೀರಿನ ನಡುವೆಯೇ ಚೂರು ನಕ್ಕು. ಕೈ ತೊಳೆಯದೆಯೇ ಸೂಟ್‌ಕೇಸ್ ಎತ್ತಿಕೊಂಡಳು.