ಬೀಗವಿಲ್ಲದ ಪ್ರತಿ

ಅಕ್ಕನಿಗೆ ಕಣ್ಣು ಕಾಣದಂತಾಗಿ ಎರಡು ವರ್ಷವಾಗಿತ್ತು. ಪುಸ್ತಕಗಳನ್ನು ಈಗ ಫೋನಿನ ದನಿಯಲ್ಲೇ ಕೇಳುತ್ತಿದ್ದಳು. ಆದರೆ ಅವಳ ತಮ್ಮ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದ ಪ್ರಕಾಶನದ ಇ-ಪುಸ್ತಕಗಳು ಮಾತ್ರ ಅವಳ ಪಾಲಿಗೆ ಮೂಕ. ಅವಕ್ಕೆ ಹಾಕಿದ್ದ ಬೀಗ ನಕಲನ್ನಷ್ಟೇ ಅಲ್ಲ, ಓದಿ ಹೇಳುವ ದನಿಯನ್ನೂ ತಡೆಯುತ್ತಿತ್ತು.

ಆತ ಪ್ರಕಾಶನದ ಯಜಮಾನರನ್ನು ಕೇಳಿ ನೋಡಿದ. ಕಚೇರಿಯಲ್ಲಿ ಎಲ್ಲರಿಗೂ ಆತ 'ಮೇಷ್ಟ್ರು'.

"ಬೀಗ ತೆಗೆದ್ರೆ ನಾಳೆ ಊರೆಲ್ಲ ಪುಕ್ಕಟೆ ಓದುತ್ತೆ, ಮೇಷ್ಟ್ರೇ. ಹೋದ ಸಲದ ಕಾದಂಬರಿ ಹಾಗೇ ಹೋಯ್ತು. ಬೈಂಡಿಂಗ್‌ನವ್ರು ನಾಲ್ಕು ಜನ ಮನೆಗೆ ಹೋಗಿದ್ದು ಮರೆತ್ರಾ?"

"ಅಕ್ಕ ಕೊಂಡ್ಕೊಂಡಿದ್ದಾಳೆ ಸಾರ್. ಕದ್ದಿಲ್ಲ."

"ಒಬ್ರಿಗೆ ತೆಗೆದ್ರೆ ಎಲ್ರಿಗೂ ತೆಗೀಬೇಕಾಗುತ್ತೆ."

ಆ ನಾಲ್ವರನ್ನು ಆತ ಮರೆತಿರಲಿಲ್ಲ. ಆದರೂ ಅಂದೇ ಮನಸ್ಸು ಗಟ್ಟಿ ಮಾಡಿದ.

ಬೀಗ ಒಡೆಯುವುದು ಅರ್ಧ ಗಂಟೆಯ ಕೆಲಸ. ದಡ್ಡರು ಸಿಕ್ಕಿಬೀಳುವುದು ಆಮೇಲೆ. ಮಾರುವ ಒಂದೊಂದು ಪ್ರತಿಯಲ್ಲೂ ಪ್ರಕಾಶನ ಬೇರೆಬೇರೆ ಕಡೆ ಒಂದು ಅಲ್ಪವಿರಾಮ ಕಿತ್ತು, ಒಂದು ಒತ್ತಕ್ಷರ ಬದಲಿಸಿ ಗುರುತು ಹುದುಗಿಸುತ್ತಿತ್ತು. ಸೋರಿದ ಪ್ರತಿ ಯಾರದೆಂದು ಆ ಗುರುತೇ ಹೇಳುತ್ತದೆ. ಈ ಗುಟ್ಟು ಬಲ್ಲ ಮೂವರಲ್ಲಿ ಆತನೂ ಒಬ್ಬ. ಅಚ್ಚಾದ ಪುಸ್ತಕದಲ್ಲಿ ಗುರುತುಗಳಿರಲಿಲ್ಲ. ಅದನ್ನು ಎಡಕ್ಕೆ, ಅಕ್ಕನ ಪ್ರತಿಯನ್ನು ಬಲಕ್ಕೆ ಇಟ್ಟುಕೊಂಡು ಮೂರು ಭಾನುವಾರ ಕಣ್ಣಲ್ಲಿ ಕಣ್ಣಿಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದ. ಹದಿನೇಳು ಗುರುತು ಸಿಕ್ಕವು. ಹದಿನೇಳನ್ನೂ ಅಳಿಸಿದ.

ಅದೊಂದು ನಟಿಯ ಆತ್ಮಕಥೆ. ಅಕ್ಕ ಎರಡು ದಿನ ಕೇಳಿದಳು, ಅತ್ತಳು, ನಕ್ಕಳು. "ನಮ್ಮ ಗುಂಪಿನವ್ರಿಗೂ ಕೊಡ್ಲೇನೋ? ಅವ್ರಿಗೂ ಕಣ್ಣಿಲ್ಲ, ಪಾಪ."

ಬೇಡವೆನ್ನಲಾರದೆ ಆತ "ಕೊಡು" ಎಂದ.

ಒಂಬತ್ತು ಜನರ ಗುಂಪು. ಕೈಯಿಂದ ಕೈಗೆ ದಾಟಿದ ಪುಸ್ತಕ ವಾರದೊಳಗೆ ಎಲ್ಲ ಕಡೆ ಹಬ್ಬಿತು. ಮಾರಾಟ ನೆಲಕಚ್ಚಿತು. ಬೈಂಡಿಂಗಿನ ಇನ್ನಿಬ್ಬರನ್ನು ಮನೆಗೆ ಕಳಿಸಿದರು. ಉಳಿದವರ ಮುಖ ನೋಡಲಾರದೆ ಆತ ಊಟದ ಡಬ್ಬಿಯನ್ನು ತನ್ನ ಮೇಜಿನಲ್ಲೇ ಬಿಚ್ಚತೊಡಗಿದ. ನಾಚಿಕೆಯಿತ್ತು, ಹೆದರಿಕೆ ಇರಲಿಲ್ಲ.

ಯಜಮಾನರು ಸೋರಿದ ಪ್ರತಿಯನ್ನು ತಂದು ಆತನ ಮುಂದೆಯೇ ಇಟ್ಟರು. "ಗುರುತು ಹುಡುಕಿ ಮೇಷ್ಟ್ರೇ. ನಿಮ್ಮಂಥ ಕಣ್ಣು ಇನ್ಯಾರಿಗಿದೆ?"

ಕಳ್ಳನ ಕೈಗೇ ಬೀಗದ ಕೈ! ಎರಡು ದಿನ ಹುಡುಕಿದಂತೆ ಮಾಡಿ ಆತ ಹೇಳಿದ: "ಒಂದೂ ಇಲ್ಲ ಸಾರ್."

"ನಂಗೊಂದು ಸಿಕ್ತು," ಎಂದು ಯಜಮಾನರು ಅಚ್ಚಾದ ಪುಸ್ತಕ ತೆರೆದರು. ನಟಿ ಕೊನೆಗಳಿಗೆಯಲ್ಲಿ ಸೇರಿಸಿದ್ದ, ಆತನ ಮೇಜಿಗೆ ಬಾರದೆ ನೇರವಾಗಿ ಅಚ್ಚಿಗೆ ಹೋಗಿದ್ದ ಪ್ಯಾರಾ. ಅಲ್ಲಿ 'ಧೃಡ' ಎಂದಿತ್ತು. ಮಾರಾಟವಾದ ಅಷ್ಟೂ ಪ್ರತಿಗಳಲ್ಲಿ ಹಾಗೆಯೇ ಇತ್ತು. ಕದ್ದ ಪ್ರತಿಯಲ್ಲಿ ಮಾತ್ರ 'ದೃಢ'. "ಕದಿಯೋನು ಕಾಗುಣಿತ ತಿದ್ತಾನಾ, ಮೇಷ್ಟ್ರೇ?" ಅವರ ದನಿಯಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು. ಕೈ ಅದನ್ನು ಯಾವಾಗ ತಿದ್ದಿತೋ ಆತನಿಗೆ ನೆನಪೇ ಇರಲಿಲ್ಲ. ಕಿವಿಯಲ್ಲಿ ಓದುವ ಅಕ್ಕನಿಗಂತೂ ಆ ಎರಡರ ವ್ಯತ್ಯಾಸ ಕೇಳಿಸಿಯೂ ಇರಲಾರದು.